ಮದ್ದಿನಮನೆಯ ಲೆಕ್ಕ

ನಾನು ಸೈನ್ಯದಲ್ಲಿದ್ದಾಗ ದುಡಿದ ಮದ್ದುಗುಂಡು ಡಿಪೋದಲ್ಲಿ ಬೀಡಿ ಸೇದುವವರು ಏನು ಮಾಡುತ್ತಿದ್ದರು ಎಂದು ಹಿಂದಿನ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಗೇಟಿನಲ್ಲಿ ಬೆಂಕಿಪೊಟ್ಟಣ ತೆಗೆದಿಟ್ಟುಕೊಂಡು ಬಿಲ್ಲೆ ಕೊಡುತ್ತಿದ್ದರು, ಸಂಜೆ ಬಿಲ್ಲೆ ತೋರಿಸಿ ವಾಪಸು ಪಡೆಯುತ್ತಿದ್ದೆವು ಎಂದು ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬಂದೀತೆಂದು ನಾನು ಎಣಿಸಿರಲಿಲ್ಲ. ಅವುಗಳಲ್ಲಿ ಜರ್ಮನಿಯಿಂದ ಬಂದದ್ದೊಂದು ಈ ತಿಂಗಳ ಪುಟವನ್ನೇ ನುಂಗಿಹಾಕಿದೆ. ಪಿಂಚಣಿ ಬಾಕಿ, ಜಮೀನಿನ ಪೋಡಿ ಎಂದೆಲ್ಲ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಬೇಕು.

ಪ್ರಶ್ನೆ: ಸುಬೇದಾರರೇ, ನಾನು ಜರ್ಮನಿಯ ಮಾರ್ಬುರ್ಗ್‌ನಲ್ಲಿ ಓದುತ್ತಿರುವ ದಾವಣಗೆರೆಯ ಹುಡುಗಿ. ರಜೆಯ ಕೆಲಸ ಹುಡುಕಿಕೊಂಡು ಹತ್ತಿರದ ಷ್ಟಾಟ್‌ಅಲೆನ್‌ಡಾರ್ಫ್ ಎಂಬ ಊರಿನ ಚಾಕೊಲೇಟ್ ಕಾರ್ಖಾನೆಗೆ ಹೋಗಿದ್ದೆ. ಅಲ್ಲಿ ಹಳೆಯ ಕಾಂಕ್ರೀಟ್ ಕಟ್ಟಡಗಳ ಮಾಳಿಗೆಯ ಮೇಲೆ ಮರಗಳು ಬೆಳೆದು ನಿಂತಿವೆ. ಎರಡನೆಯ ಮಹಾಯುದ್ಧದ ಕಾಲದ ಮದ್ದಿನ ಕಾರ್ಖಾನೆ ಎಂದರು. ನಿಮಗೆ ಇದರ ಬಗ್ಗೆ ಏನಾದರೂ ಗೊತ್ತೇ? ಅಲ್ಲಿಯ ನೀರು ಕುಡಿಯಬಹುದೇ?

ಉತ್ತರ: ಮಗಳೇ, ನೀರಿನ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಮರಗಳದು. ಅವು ತಾವಾಗಿ ಹುಟ್ಟಿದವಲ್ಲ. ಮಾಳಿಗೆಗೆ ಮಣ್ಣು ಹರಡಿ ಗಿಡ ನೆಟ್ಟಿದ್ದರು, ಮೇಲೆ ಹಾರುವ ವಿಮಾನಕ್ಕೆ ಬರೀ ಕಾಡು ಕಾಣಲಿ ಎಂದು. ಊರಿನ ಹೆಸರು ಆಗ ಬರೀ ಅಲೆನ್‌ಡಾರ್ಫ್. ‘ಷ್ಟಾಟ್’ ಎಂದರೆ ಪಟ್ಟಣ. ಆ ಪದವಿ ಅದಕ್ಕೆ ಸಿಕ್ಕಿದ್ದು 1960ರಲ್ಲಿ. 1938ರಲ್ಲಿ ಕಾರ್ಖಾನೆ ಕಟ್ಟತೊಡಗಿದಾಗ ಅದು ಒಂದೂವರೆ ಸಾವಿರದಷ್ಟು ಜನರ ಹಳ್ಳಿ. ಅಲ್ಲಿ ಡೈನಮೈಟ್ ಕಂಪನಿಯ ಬಳಗದ್ದೊಂದು, ‘ವಾಸಾಗ್’ ಎಂಬ ಇನ್ನೊಂದು ಕಂಪನಿಯದ್ದೊಂದು, ಹೀಗೆ ಎರಡು ಕಾರ್ಖಾನೆಗಳು ಎದ್ದವು.

ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂಬುದನ್ನು ನೀನು ಗಮನಿಸಿರಬೇಕು. ಒಂದು ಸಿಡಿದರೆ ಪಕ್ಕದ್ದು ಉಳಿಯಬೇಕಲ್ಲ. ನಮ್ಮ ಡಿಪೋದಲ್ಲೂ ಅದೇ ಕ್ರಮ: ಒಂದು ಶೆಡ್ಡು, ಸುತ್ತ ಮಣ್ಣಿನ ದಿಬ್ಬ, ಆಮೇಲೆ ಖಾಲಿ ನೆಲ, ಮತ್ತೊಂದು ಶೆಡ್ಡು. ಹೊಸದಾಗಿ ಸೇರಿದ ಹುಡುಗರು ‘ಇಷ್ಟು ನೆಲ ಬೀಳು ಬಿಟ್ಟಿದ್ದಾರಲ್ಲ, ಜೋಳವಾದರೂ ಬಿತ್ತಬಾರದೇ’ ಎನ್ನುತ್ತಿದ್ದರು. ನೆಲ ಬೀಳು ಬಿದ್ದಿರುವುದಕ್ಕೇ ನಾವೆಲ್ಲ ಸಂಜೆ ಬೆಂಕಿಪೊಟ್ಟಣ ವಾಪಸು ಪಡೆಯಲು ಬದುಕಿರುತ್ತಿದ್ದೆವು.

ಸೈನ್ಯದ ಮದ್ದುಗುಂಡು ಡಿಪೋವನ್ನು ಜರ್ಮನ್ನರು ಚುಟುಕಾಗಿ ‘ಮೂನಾ’ ಎನ್ನುತ್ತಿದ್ದರು. ಅಲೆನ್‌ಡಾರ್ಫ್ ಬರೀ ದಾಸ್ತಾನಿನ ಜಾಗವಲ್ಲ. ಮದ್ದು ತಯಾರಿಸಿ, ಗುಂಡಿಗೆ ತುಂಬಿ, ರೈಲಿಗೇರಿಸುವವರೆಗಿನ ಎಲ್ಲ ಕೆಲಸವೂ ಅಲ್ಲೇ. ತುಂಬುವ ಕೆಲಸ ಹೇಗಿರುತ್ತದೆ ಎಂದು ಆಲೆಮನೆ ನೋಡಿದವರಿಗೆ ಸುಲಭವಾಗಿ ಹೇಳಬಹುದು. ಟಿಎನ್‌ಟಿ ಎಂಬ ಸಿಡಿಮದ್ದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನೀರು ಕುದಿಯುವುದಕ್ಕೆ ಬೇಕಾದ ಕಾವೂ ಬೇಡ, ಹಬೆ ಸಾಕು. ಬೆಲ್ಲದ ಪಾಕದ ಹಾಗೆ ಕರಗಿಸಿ ಗುಂಡಿನ ಹೊಟ್ಟೆಗೆ ಹೊಯ್ಯುತ್ತಾರೆ. ಆರುತ್ತ ಬಂದಂತೆ ನಡುವೆ ಕುಸಿದು ಗುಳಿ ಬೀಳುತ್ತದೆ. ಒಳಗೆ ಪೊಳ್ಳು ಉಳಿದರೆ ಆ ಗುಂಡು ಶತ್ರುವಿನ ಬದಲು ನಮ್ಮ ಫಿರಂಗಿಯೊಳಗೇ ಸಿಡಿಯಬಹುದು. ಅದಕ್ಕೆ ಕಲಕಬೇಕು, ಕಾಯಬೇಕು, ಮತ್ತೆ ಹೊಯ್ಯಬೇಕು. ಆಲೆಮನೆಯ ಹಬೆ ಹಸಿವು ಹುಟ್ಟಿಸುತ್ತದೆ. ಈ ಹಬೆ ನಾಲಿಗೆಗೆ ಕಹಿ, ಹೊಟ್ಟೆಗೆ ವಾಕರಿಕೆ, ಯಕೃತ್ತಿಗೆ ವಿಷ.

ಆ ಹಬೆಯಲ್ಲಿ ನಿಲ್ಲಿಸಿದ್ದು ಯಾರನ್ನು? ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್, ಪೋಲೆಂಡ್, ಸೋವಿಯತ್ ಒಕ್ಕೂಟಗಳಿಂದ ಹಿಡಿದು ತಂದ ಜನರನ್ನು, ಯುದ್ಧಕೈದಿಗಳನ್ನು. 1944ರ ಮೇ ಮಧ್ಯದಿಂದ ಜುಲೈ 9ರವರೆಗೆ ಹಂಗೆರಿಯಿಂದ ಸುಮಾರು 4,37,000 ಯಹೂದಿಗಳನ್ನು ಸಾಗಿಸಿದರು, ಬಹುಪಾಲು ಪೋಲೆಂಡಿನಲ್ಲಿ ನಾಜಿಗಳು ನಡೆಸುತ್ತಿದ್ದ ಆಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ. ಮಕ್ಕಳು, ಮುದುಕರು, ಕೈಗೂಸಿನ ತಾಯಂದಿರು ಇಳಿದ ದಿನವೇ ಗ್ಯಾಸಿನ ಕೋಣೆಗೆ ಹೋದರು. ರಟ್ಟೆಯಲ್ಲಿ ಬಲ ಕಂಡವರನ್ನು ಬೇರೆ ಮಾಡಿ ಉದ್ಯಮಗಳಿಗೆ ಹಂಚಿದರು. ಹಾಗೆ ಆಗಸ್ಟಿನಲ್ಲಿ ಒಂದು ಸಾವಿರ ಹೆಂಗಸರು ಅಲೆನ್‌ಡಾರ್ಫ್‌ಗೆ ಬಂದಿಳಿದರು. ಇರಿಸಿದ್ದು ಮ್ಯೂನ್ಷ್‌ಮ್ಯೂಲೆ ಎಂಬ ಶಿಬಿರದಲ್ಲಿ. ಕಾಗದದ ಮೇಲೆ ಅದು ಬೂಖೆನ್‌ವಾಲ್ಡ್ ಸೆರೆಶಿಬಿರದ ಶಾಖೆ. ಅದೇ ತಿಂಗಳು ಇನ್ನೊಂದು ಸಾವಿರ ಹೆಂಗಸರನ್ನು ಕಾಸೆಲ್ ಹತ್ತಿರದ ಹೆಸ್ಸಿಷ್ ಲಿಖ್ಟೆನೌ ಕಾರ್ಖಾನೆಗೂ, ಐನೂರು ಮಂದಿಯನ್ನು ಉತ್ತರದ ಲ್ಯೂಬರ್‌ಷ್ಟೆಟ್ ಎಂಬಲ್ಲಿದ್ದ ವಾಯುಪಡೆಯ ಮೂನಾಕ್ಕೂ ಕಳಿಸಿದರು. ದಿನಕ್ಕೆ ಹನ್ನೆರಡು ಗಂಟೆಯ ಪಾಳಿ.

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧಿಯೂ ಹೌದು, ಸಿಡಿಯುವ ಪುಡಿಯೂ ಹೌದು. ಶ್ರೀರಂಗಪಟ್ಟಣದ ಹಳೆಯ ಮದ್ದಿನಮನೆಯೊಂದನ್ನು ರೈಲುಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟದ್ದನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ಮೊಮ್ಮಗಳು ‘ಅಜ್ಜ, ಅದು ಆಸ್ಪತ್ರೆಯೇ?’ ಎಂದು ಕೇಳಿದ್ದಳು. ನಗು ಬಂತು. ಅಲೆನ್‌ಡಾರ್ಫ್ ಬಗ್ಗೆ ಓದಿದ ಮೇಲೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ.

ಪ್ರಶ್ನೆ: ಮದ್ದು ತುಂಬುವ ಹೆಂಗಸರ ಮೈ ಹಳದಿಯಾಗುತ್ತಿತ್ತು ಎಂದು ಎಲ್ಲೋ ಓದಿದ ನೆನಪು. ನಿಜವೇ, ಕಟ್ಟುಕಥೆಯೇ? (ಧಾರವಾಡದ ಒಬ್ಬ ದಾದಿ)

ಉತ್ತರ: ನಿಜ. ಪುರಾವೆಯಾಗಿ ನನ್ನ ಬೆರಳುಗಳೇ ಇವೆ, ಅಥವಾ ಒಂದು ಕಾಲಕ್ಕೆ ಇದ್ದವು. ಹಳೆಯ ಗುಂಡುಗಳ ಮೂತಿಯ ಹತ್ತಿರ ಕೆಲವೊಮ್ಮೆ ಕಂದು ಎಣ್ಣೆಯಂಥ ಜಿಗುಟು ಒಸರುತ್ತದೆ. ಬಹಳ ದಿನ ಬಿಸಿಲಿನ ನಾಡಿನಲ್ಲಿ ಇಟ್ಟ ಟಿಎನ್‌ಟಿಯ ಗುಣ ಅದು. ಸೇವೆಗೆ ಸೇರಿದ ಎರಡನೆಯ ವರ್ಷ, ಕೈಗವಸು ಹಾಕಿಕೊಳ್ಳುವ ವ್ಯವಧಾನವಿಲ್ಲದೆ ಬರಿಗೈಯಲ್ಲೇ ಒಂದು ಸಾಲು ಒರೆಸಿದೆ. ಹವಾಲ್ದಾರರು ಬೈದರು, ಸೋಪು ಹಾಕಿ ತೊಳೆದೆ, ಹೋಗಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗಲೂ ಬೆರಳ ತುದಿ, ಉಗುರ ಸಂದು ಹಳದಿಯಾಗಿಯೇ ಇತ್ತು. ‘ಅಡುಗೆ ಮನೆಗೆ ಕಾಲಿಡದವನ ಕೈಯಲ್ಲಿ ಅರಿಶಿನವೆಲ್ಲಿಂದ?’ ಎಂದು ಅವ್ವ ಕೈ ಹಿಡಿದು ಮೂಸಿ ನೋಡಿದ್ದು ನೆನಪಿದೆ. ಒಂದು ಮಧ್ಯಾಹ್ನದ ಅಜಾಗರೂಕತೆಗೆ ಅಷ್ಟು ಬಣ್ಣ.

ಈಗ ಅದೇ ವಸ್ತುವಿನ ಹಬೆ, ಪುಡಿಗಳ ನಡುವೆ ತಿಂಗಳುಗಟ್ಟಲೆ ನಿಂತವರನ್ನು ನೆನೆಸಿಕೊಳ್ಳಿ. ಟಿಎನ್‌ಟಿ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಚರ್ಮ ಹಳದಿ, ಕೂದಲು ಕಿತ್ತಳೆ, ತುಟಿ ನೀಲಿ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುವುದರಿಂದ ತುಟಿ ನೀಲಿಯಾಗುತ್ತದೆ ಎಂಬುದನ್ನು ದಾದಿಯಾದ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ವಿಷ ಯಕೃತ್ತನ್ನು ಕೆಡಿಸಿದರೆ ಹುಟ್ಟುವ ಕಾಮಾಲೆ ಪ್ರಾಣವನ್ನೂ ತೆಗೆಯುತ್ತದೆ. ಇದೇನೂ 1944ರಲ್ಲಿ ಹೊಸದಾಗಿ ಕಂಡ ಸಂಗತಿಯಲ್ಲ. ಮೊದಲ ಮಹಾಯುದ್ಧದಲ್ಲೇ ಬ್ರಿಟನ್ನಿನ ಮದ್ದಿನ ಕಾರ್ಖಾನೆಯ ಹೆಂಗಸರನ್ನು ಜನ ‘ಕ್ಯಾನರಿ ಹುಡುಗಿಯರು’ ಎಂದು ಹಳದಿ ಹಕ್ಕಿಯ ಹೆಸರಿನಿಂದ ಕರೆಯುತ್ತಿದ್ದರು. ಕಾಮಾಲೆಯಿಂದ ಸತ್ತವರೂ ಇದ್ದರು. ಅದನ್ನು ನೋಡಿಯೇ ಅಲ್ಲಿ ವೈದ್ಯರ ತಪಾಸಣೆ, ಗಾಳಿಯ ವ್ಯವಸ್ಥೆ ಬಂದವು. ಅಂದರೆ ಇಪ್ಪತ್ತೈದು ವರ್ಷ ಮೊದಲೇ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಸೆರೆಶಿಬಿರದ ಹೆಂಗಸರನ್ನು ಆ ಕೆಲಸಕ್ಕೆ ಹಚ್ಚಿದ್ದು ಗೊತ್ತಿಲ್ಲದೆ ಅಲ್ಲ.

ಪ್ರಶ್ನೆ: ಆ ಕೆಲಸಗಾರರಿಗೆ ಕೂಲಿ ಎಷ್ಟಿತ್ತು? ಯುದ್ಧ ಮುಗಿದ ಮೇಲೆ ಪರಿಹಾರ ಸಿಕ್ಕಿತೇ? (ಕುಂದಾಪುರದ ನಿವೃತ್ತ ಬ್ಯಾಂಕ್ ಗುಮಾಸ್ತರು)

ಉತ್ತರ: ಲೆಕ್ಕದವರ ಪ್ರಶ್ನೆಗೆ ಲೆಕ್ಕದವನೇ ಉತ್ತರಿಸುವುದು ಸರಿ. ಸೆರೆಶಿಬಿರದವರಿಗೆ ಕೂಲಿ ಸೊನ್ನೆ. ಆದರೆ ಕಂಪನಿಗೆ ಅವರು ಪುಕ್ಕಟೆಯಲ್ಲ. ಒಬ್ಬ ಕೈದಿಯ ಒಂದು ದಿನದ ಕೆಲಸಕ್ಕೆ ನಾಲ್ಕು ಮಾರ್ಕು (ಆಗಿನ ಜರ್ಮನ್ ನಾಣ್ಯ), ಕುಶಲ ಕೆಲಸಗಾರನಾದರೆ ಆರು ಮಾರ್ಕು ಬಾಡಿಗೆ. ಹಣ ಹೋಗುತ್ತಿದ್ದುದು ಸೆರೆಶಿಬಿರಗಳನ್ನು ನಡೆಸುತ್ತಿದ್ದ ಹಿಟ್ಲರನ ಎಸ್‌ಎಸ್ ಪಡೆಯ ಮೂಲಕ ಸರ್ಕಾರದ ಬೊಕ್ಕಸಕ್ಕೆ. ನಮ್ಮ ಕಡೆ ಎತ್ತು ಬಾಡಿಗೆಗೆ ಕೊಟ್ಟವನು ಅದು ಸೊರಗಿದರೆ ಕೇಳಲು ಬರುತ್ತಾನೆ. ಅಲ್ಲಿ ಆ ಕ್ರಮವೂ ಇರಲಿಲ್ಲ.

ಯಾರ ಮೇಲೆ ದಾವೆ ಹೂಡಬೇಕು ಎಂಬುದನ್ನೂ ಮೊದಲೇ ಗೋಜಲು ಮಾಡಿಟ್ಟಿದ್ದರು. ನೆಲ, ಕಟ್ಟಡಗಳು ‘ಮೊಂಟಾನ್’ ಎಂಬ ಕಂಪನಿಯ ಹೆಸರಿನಲ್ಲಿ, ಅದರ ಹಿಂದೆ ಇದ್ದದ್ದು ಸೈನ್ಯ. ನಡೆಸುವುದು ಡೈನಮೈಟ್ ಕಂಪನಿಯ ಮರಿ ಕಂಪನಿ. ಕೈದಿಗಳು ಎಸ್‌ಎಸ್‌ನವರ ವಶ. ಒಂದು ಗುಂಡಿಗೆ ಮೂರು ಖಾತೆ, ಅದನ್ನು ತುಂಬಿದ ಕೈಗೆ ಒಂದೂ ಇಲ್ಲ.

ಪರಿಹಾರದ ಕಥೆ ಉದ್ದ. ಯುದ್ಧದ ನಂತರ ಡೈನಮೈಟ್ ಕಂಪನಿ ಫ್ರೀಡ್ರಿಖ್ ಫ್ಲಿಕ್ ಎಂಬ ಭಾರಿ ಉದ್ಯಮಿಯ ಹಿಡಿತಕ್ಕೆ ಬಂತು. ಆತನೇ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಜೀತದ ದುಡಿಮೆಗಾಗಿ ಶಿಕ್ಷೆಯಾಗಿ ಜೈಲು ಕಂಡವನು. ಬಿಡುಗಡೆಯಾದ ಮೇಲೆ ಮತ್ತೆ ಜರ್ಮನಿಯ ಅತಿ ಶ್ರೀಮಂತರ ಸಾಲಿಗೆ ಸೇರಿದ. ಆದರೂ ಆ ಹೆಂಗಸರಿಗೆ ಒಂದು ಮಾರ್ಕನ್ನೂ ಕೊಡದೆ 1972ರಲ್ಲಿ ತೀರಿಕೊಂಡ. ಕಂಪನಿಗಳು ಕೈ ಬದಲಾದ ಮೇಲೆ, 1986ರಲ್ಲಿ, 50 ಲಕ್ಷ ಮಾರ್ಕು ಹೊರಬಂತು. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಅರ್ಧರ್ಧ ಹಾಕಿ 1,000 ಕೋಟಿ ಮಾರ್ಕಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದವು. ಅದು 2007ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಹಂಚಿತು. ಸೆರೆಶಿಬಿರದಿಂದ ದುಡಿದವರಿಗೆ ಗರಿಷ್ಠ 15,000 ಮಾರ್ಕು. 1944ರಲ್ಲಿ ಇಪ್ಪತ್ತು ವರ್ಷದವಳಾಗಿದ್ದವಳಿಗೆ ಆ ಪ್ರತಿಷ್ಠಾನ ಹುಟ್ಟುವಾಗ ಎಪ್ಪತ್ತಾರು. ಬದುಕಿದ್ದರೆ.

ಗುಮಾಸ್ತರೇ, ನನ್ನನ್ನು ಕಾಡಿದ ಲೆಕ್ಕ ಹಣದ್ದಲ್ಲ. ಹೆಸ್ಸಿಷ್ ಲಿಖ್ಟೆನೌ ಶಿಬಿರದಲ್ಲಿ 1944ರ ಅಕ್ಟೋಬರ್ 27ರಂದು 206 ಹೆಂಗಸರನ್ನು ‘ಕೆಲಸಕ್ಕೆ ಅಯೋಗ್ಯ’ ಎಂದು ಆರಿಸಿ ಆಶ್ವಿಟ್ಜ್‌ಗೆ ತಿರುಗಿ ಕಳಿಸಿದರು. ಕಾಯಿಲೆ ಬಿದ್ದವರು, ಬಸಿರಿಯರು, ವಯಸ್ಸಾದವರು. ಅಲ್ಲಿ ಕಾದಿದ್ದುದು ಗ್ಯಾಸಿನ ಕೋಣೆ. ಸಾವಿರದಲ್ಲಿ 206 ಕಳೆದು 794 ಉಳಿಯಿತು. ನಾನು ಇಪ್ಪತ್ತೆರಡು ವರ್ಷ ಇಂಥದೇ ಪುಸ್ತಕ ಬರೆದವನು: ಹಿಂದಿನ ಬಾಕಿ, ಬಂದದ್ದು, ಹೋದದ್ದು, ಉಳಿಕೆ, ಕೊನೆಗೆ ಷರಾ. ತುಕ್ಕು ಹಿಡಿದ ಪೆಟ್ಟಿಗೆಯ ಮುಂದೆ ‘ನಿರುಪಯುಕ್ತ’ ಎಂದು ಬರೆದು ಸಹಿ ಹಾಕುವಾಗ ನನ್ನ ಕೈ ಒಂದು ದಿನವೂ ತಡೆದಿಲ್ಲ, ತಡೆಯಬೇಕಾದ ಕಾರಣವೂ ಇರಲಿಲ್ಲ. ಆ ಅಕ್ಟೋಬರಿನ ಪಟ್ಟಿಯನ್ನೂ ಯಾರೋ ಒಬ್ಬ ಗುಮಾಸ್ತ ಕೂತು ಟೈಪು ಮಾಡಿರುತ್ತಾನಲ್ಲ? ಮೊತ್ತ ತಾಳೆಯಾಯಿತೇ ಎಂದು ಎರಡು ಸಲ ಕೂಡಿ ನೋಡಿರುತ್ತಾನೆ. ನನ್ನಂಥವನೇ. ಇದನ್ನು ಓದಿದ ರಾತ್ರಿ ನಾನು ಊಟ ಮಾಡಲಿಲ್ಲ.

ಪ್ರಶ್ನೆ: ಕೈಯಲ್ಲೇ ಮದ್ದಿತ್ತು. ಆ ಜನ ಯಾಕೆ ಏನೂ ಮಾಡಲಿಲ್ಲ? (ಪದವಿ ವಿದ್ಯಾರ್ಥಿ, ತುಮಕೂರು)

ಉತ್ತರ: ತಮ್ಮಾ, ಮಾಡಲಿಲ್ಲ ಎಂದು ನಿನಗೆ ಯಾರು ಹೇಳಿದರು? ಆಶ್ವಿಟ್ಜ್‌ನ ಪಕ್ಕದಲ್ಲೇ ‘ಯೂನಿಯನ್’ ಎಂಬ ಕಾರ್ಖಾನೆಯಿತ್ತು. ಗುಂಡನ್ನು ಸಿಡಿಸುವ ಫ್ಯೂಜು ತಯಾರಿಸುವ ಜಾಗ. ಅಲ್ಲಿ ಮದ್ದಿನ ಕೋಣೆಯಲ್ಲಿ ದುಡಿಯುತ್ತಿದ್ದ ಯಹೂದಿ ಹುಡುಗಿಯರು ತಿಂಗಳುಗಟ್ಟಲೆ ಚಿಟಿಕೆ ಚಿಟಿಕೆಯಾಗಿ ಪುಡಿ ಕದ್ದರು. ಚಿಂದಿಯಲ್ಲಿ ಗಂಟು ಕಟ್ಟಿ ಉಡುಪಿನೊಳಗೆ ಅಡಗಿಸಿ ಹೊರತಂದರು. ಅದು ಕೈಯಿಂದ ಕೈಗೆ ದಾಟಿ ರೋಜಾ ರೊಬೋಟಾ ಎಂಬ ಹುಡುಗಿಯನ್ನು ತಲುಪಿತು. ಅವಳಿಂದ ಹೆಣ ಸುಡುವ ಕೆಲಸಕ್ಕೆ ಹಾಕಿದ್ದ ಕೈದಿಗಳಿಗೆ. 1944ರ ಅಕ್ಟೋಬರ್ 7ರಂದು ಆ ಕೈದಿಗಳು ದಂಗೆ ಎದ್ದರು. ನಾಲ್ಕನೆಯ ನಂಬರಿನ ದಹನಾಗಾರಕ್ಕೆ ಬೆಂಕಿ ಬಿತ್ತು, ಅದು ಮತ್ತೆ ಕೆಲಸಕ್ಕೆ ಬರಲಿಲ್ಲ. ದಂಗೆ ಎದ್ದವರಲ್ಲಿ ಹೆಚ್ಚಿನವರನ್ನು ಅಂದೇ ಕೊಂದರು.

ಪುಡಿಯ ಮೂಲ ಹುಡುಕಿಕೊಂಡು ಎಸ್‌ಎಸ್‌ನವರು ಕಾರ್ಖಾನೆಗೆ ಬಂದರು. ರೋಜಾ ರೊಬೋಟಾ, ಆಲಾ ಗೆರ್ಟ್‌ನರ್, ಎಸ್ತೆರಾ ವಾಯ್ಸ್‌ಬ್ಲುಮ್, ರೆಗೀನಾ ಸಫಿರ್‌ಸ್ಟಾಯ್ನ್, ಈ ನಾಲ್ವರನ್ನು ಹಿಂಸಿಸಿ ವಿಚಾರಿಸಿ, 1945ರ ಜನವರಿ ಮೊದಲ ವಾರದಲ್ಲಿ ಉಳಿದ ಹೆಂಗಸರ ಕಣ್ಣೆದುರಿಗೆ ಗಲ್ಲಿಗೇರಿಸಿದರು. ಸೋವಿಯತ್ ಸೈನ್ಯ ಆಶ್ವಿಟ್ಜ್ ತಲುಪಿದ್ದು ಜನವರಿ 27ರಂದು.

ಮದ್ದಿನ ಕೋಣೆಯಿಂದ ಪುಡಿ ಕದಿಯುವುದೆಂದರೆ ಏನು ಎಂಬುದು ನನಗೆ ಗೊತ್ತು. ನಮ್ಮಲ್ಲಿ ತೂಕ ಹತ್ತು ಗ್ರಾಂ ಕಡಿಮೆ ಬಂದರೂ ರಾತ್ರಿಯಿಡೀ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆ ಹುಡುಗಿಯರ ಮೇಲೆ ಮೇಲ್ವಿಚಾರಕರ ಕಣ್ಣಿತ್ತು, ಗೇಟಿನಲ್ಲಿ ತಪಾಸಣೆಯಿತ್ತು. ಹಾಗಿದ್ದೂ ಆ ಪುಡಿ ಹೊರಬಂತು.

ಪ್ರಶ್ನೆ: ಸುಬೇದಾರರೇ, ಎಲ್ಲ ಪಾಪವನ್ನೂ ಜರ್ಮನ್ನರ ತಲೆಗೇ ಕಟ್ಟುವುದು ಸುಲಭ. ಬೇರೆಯವರು ಸಾಚಾಗಳೇ? (ಸಾಗರದ ಓದುಗರು)

ಉತ್ತರ: ಅಲ್ಲ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 1929ರ ಜಿನೀವಾ ಒಪ್ಪಂದದ 31ನೆಯ ವಿಧಿ ಯುದ್ಧಕೈದಿಗಳಿಂದ ಮದ್ದುಗುಂಡು ತಯಾರಿಸುವುದನ್ನೂ ಸಾಗಿಸುವುದನ್ನೂ ನೇರವಾಗಿ ನಿಷೇಧಿಸಿತ್ತು. ಜಪಾನ್ ಅದಕ್ಕೆ ಸಹಿ ಹಾಕಿ, ಅನುಮೋದನೆ ಕೊಡದೆ ಬಿಟ್ಟಿತು. ಸಿಂಗಪುರ ಬಿದ್ದ ಮೇಲೆ ಅದರ ಕೈಗೆ ಸಿಕ್ಕ ಭಾರತೀಯ ಸಿಪಾಯಿಗಳಲ್ಲಿ ಸಾವಿರಾರು ಮಂದಿಯನ್ನು ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿ ದಳಗಳಾಗಿ ಸಾಗಿಸಿತು. ಹಸಿವು, ಮಲೇರಿಯಾ, ಹೊಡೆತಗಳಿಂದ ಅಲ್ಲೇ ಮಣ್ಣಾದವರು ಬಹಳ. ನಮ್ಮ ಪಠ್ಯಪುಸ್ತಕಗಳಿಗೆ ಅವರ ನೆನಪೇ ಇಲ್ಲ.

ಅಮೆರಿಕದ್ದು ಬೇರೆ ಜಾತಿಯ ಅನ್ಯಾಯ. ಕ್ಯಾಲಿಫೋರ್ನಿಯಾದ ಪೋರ್ಟ್ ಶಿಕಾಗೋ ಎಂಬ ನೌಕಾಪಡೆಯ ಮದ್ದುಗುಂಡು ಡಿಪೋದಲ್ಲಿ ಹಡಗಿಗೆ ಬಾಂಬು ಹೇರುವ ಕೆಲಸಕ್ಕೆ ಕಪ್ಪು ನಾವಿಕರನ್ನು ಮಾತ್ರ ಹಾಕಿದ್ದರು. ಅವರಿಗೆ ಸಂಬಳವಿತ್ತು, ಸಮವಸ್ತ್ರವಿತ್ತು. ಜೀತವೆಂದು ನಾನು ಕರೆಯಲಾರೆ. ಆದರೆ ಸರಿಯಾದ ತರಬೇತಿ ಇರಲಿಲ್ಲ. ಯಾವ ತಂಡ ಹೆಚ್ಚು ಟನ್ನು ಹೇರುತ್ತದೆ ಎಂದು ಅಧಿಕಾರಿಗಳು ಪಂದ್ಯ ಕಟ್ಟುತ್ತಿದ್ದರು. ಮದ್ದಿನ ಕೆಲಸದಲ್ಲಿ ಪಂದ್ಯ! ನಮ್ಮಲ್ಲಿ ಪೆಟ್ಟಿಗೆ ಹೊತ್ತವನು ಓಡಿದರೆ ಶಿಕ್ಷೆಯಿತ್ತು. 1944ರ ಜುಲೈ 17ರ ರಾತ್ರಿ ಎಲ್ಲವೂ ಸಿಡಿಯಿತು. 320 ಮಂದಿ ಸತ್ತರು, ಅವರಲ್ಲಿ 202 ಮಂದಿ ಕಪ್ಪು ನಾವಿಕರು. ಕೆಲವೇ ವಾರಗಳಲ್ಲಿ ಮತ್ತೆ ಬಾಂಬು ಹೇರಿ ಎಂದಾಗ 258 ಮಂದಿ ಒಲ್ಲೆವೆಂದರು. 50 ಮಂದಿಯ ಮೇಲೆ ದಂಗೆಯ ಆರೋಪ ಹೊರಿಸಿ ಶಿಕ್ಷಿಸಿದರು. ಅಮೆರಿಕದ ನೌಕಾಪಡೆ ಆ ತೀರ್ಪುಗಳನ್ನು ರದ್ದು ಮಾಡಿದ್ದು 2024ರ ಜುಲೈ 17ರಂದು, ಸರಿಯಾಗಿ 80 ವರ್ಷಕ್ಕೆ.

ಇಷ್ಟು ಹೇಳಿದ ಮೇಲೂ, ಸಾಗರದವರೇ, ಬಸಿರಿಯನ್ನು ‘ಅಯೋಗ್ಯ’ದ ಪಟ್ಟಿಗೆ ಸೇರಿಸಿ ರೈಲು ಹತ್ತಿಸಿದ ವ್ಯವಸ್ಥೆಗೆ ಇವು ಯಾವುವೂ ಸಾಟಿಯಲ್ಲ. ‘ಎಲ್ಲರೂ ಅಷ್ಟೇ’ ಎನ್ನುವ ಮಾತು ನನಗೆ ಸೇರುವುದಿಲ್ಲ.

ಮಾರ್ಬುರ್ಗ್‌ನ ಮಗಳಿಗೆ ಉಳಿದ ಮಾತು

ನೀರಿನ ವಿಷಯಕ್ಕೆ ಬಂದೆ. ಕಚ್ಚಾ ಟಿಎನ್‌ಟಿಯನ್ನು ತೊಳೆದಾಗ ರಕ್ತದಂಥ ಕೆಂಪು ನೀರು ಹೊರಬರುತ್ತದೆ. ಅದರಲ್ಲಿದ್ದುದು ನೆಲಕ್ಕೆ ಇಳಿದು ದಶಕಗಟ್ಟಲೆ ಅಲ್ಲೇ ಉಳಿಯಿತು. ಯುದ್ಧದ ನಂತರ ಖಾಲಿ ಕಟ್ಟಡಗಳಿಗೆ ನಿರಾಶ್ರಿತರೂ ಹೊಸ ಕಾರ್ಖಾನೆಗಳೂ ಬಂದವು. ನೀನು ಹೋಗಿದ್ದ ಚಾಕೊಲೇಟಿನವರೂ 1956ರಲ್ಲಿ ಶುರುಮಾಡಿದ್ದು ಅಂಥ ಹಳೆಯ ಕಟ್ಟಡಗಳಲ್ಲೇ. ವಿಷದ ಮಣ್ಣಿನ ಮೇಲೆಯೇ ಜನ ಮನೆ ಮಾಡಿ, ಹಿತ್ತಲಲ್ಲಿ ತರಕಾರಿ ಬೆಳೆದರು. 1990ರ ದಶಕದಿಂದ ವರ್ಷಗಟ್ಟಲೆ ಮಣ್ಣು ಅಗೆದು ಸಾಗಿಸಿ ಶುದ್ಧಿ ಮಾಡಿದ್ದಾರೆ, ಬಾವಿಯ ನೀರನ್ನು ಇದ್ದಿಲಿನ ಮೂಲಕ ಸೋಸಿದ್ದಾರೆ. ನಲ್ಲಿಯ ನೀರು ಕುಡಿ, ಹೆದರಬೇಡ.

ಚಾಕೊಲೇಟ್ ಕೆಲಸ ಸಿಕ್ಕರೆ ಮಾಡು, ಅದರಲ್ಲಿ ಪಾಪವೇನಿಲ್ಲ. ಆದರೆ ಒಂದು ಭಾನುವಾರ ಬಿಡುವು ಮಾಡಿಕೋ. 1990ರಲ್ಲಿ ಆ ಊರಿನವರು ಬದುಕುಳಿದ ಹೆಂಗಸರನ್ನು ದೇಶದೇಶಗಳಿಂದ ಹುಡುಕಿ ಕರೆಸಿ ಆತಿಥ್ಯ ಮಾಡಿದರು. ಬಂದವರು ಮುದುಕಿಯರಾಗಿದ್ದರು. 1994ರಲ್ಲಿ ಕಾರ್ಖಾನೆಯ ಹಳೆಯ ಆಡಳಿತ ಕಟ್ಟಡದಲ್ಲೇ ದಾಖಲೆಗಳ ಒಂದು ಕೇಂದ್ರ ತೆರೆದರು. ಅಲ್ಲಿಗೆ ಹೋಗು. ತೆರೆದಿರುವ ವೇಳೆಯನ್ನು ಮೊದಲೇ ಫೋನು ಮಾಡಿ ಕೇಳಿಕೋ. ಏನು ನೋಡಿದೆ ಎಂದು ನನಗೆ ಬರೆ, ಇಲ್ಲೇ ಪ್ರಕಟಿಸುತ್ತೇನೆ.

ಇನ್ನೊಂದು ಮಾತು, ಇದು ಡಿಪೋದವನಾಗಿ ಹೇಳುವುದು. ಅಲ್ಲಿಯ ಕಾಡಿನಲ್ಲಿ ತುಕ್ಕು ಹಿಡಿದ ಲೋಹದ್ದೇನಾದರೂ ಕಂಡರೆ ಮುಟ್ಟಬೇಡ, ಕಾಲಿನಿಂದ ಹೊರಳಿಸಬೇಡ, ಪಕ್ಕದಲ್ಲಿ ನಿಂತು ಫೋಟೋ ತೆಗೆಯಬೇಡ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಂದು ಪೊಲೀಸರಿಗೆ ತಿಳಿಸು. ಎಂಬತ್ತು ವರ್ಷ ಮಣ್ಣಿನಲ್ಲಿದ್ದರೂ ಟಿಎನ್‌ಟಿ ಸಾಯುವುದಿಲ್ಲ.